ಅಂಟು ಟೈಲ್ಸ್ ಹಾಕುವ ಮೊದಲು ನೆಲ ನೋಡಿ

ಹಿಂಬದಿಯ ಕಾಗದ ಸುಲಿದು ನೆಲಕ್ಕೆ ಒತ್ತಿದರೆ ಮುಗಿಯಿತು, ಅಂಟು ಬಳಿದ ವಿನೈಲ್ ಟೈಲ್ಸ್ ಅಂದರೆ ಅಷ್ಟೇ ಅಲ್ವಾ? ಅಂಟಿಸುವುದು ನಿಜಕ್ಕೂ ಸುಲಭ. ಆದರೆ ಆಮೇಲೆ ಅಂಚು ಏಳುವುದು ಜಾಸ್ತಿ ಸಲ ಅಡಿಯ ನೆಲ ಸರಿಯಿಲ್ಲದೆ. ಕೆಲಸಕ್ಕೆ ಎರಡು ದಿನ ಇದ್ದರೆ ಒಂದು ದಿನ ನೆಲಕ್ಕೇ ಕೊಡಿ.

ಮೊದಲು ಲೆಕ್ಕ. 10 ಅಡಿಗೆ 12 ಅಡಿಯ ಕೋಣೆಗೆ ಒಂದಡಿ ಚೌಕದ ಟೈಲ್ಸ್ 120 ಬೇಕು. ಕತ್ತರಿಸುವಾಗ ಹಾಳಾಗುತ್ತವೆ, ಆದ್ದರಿಂದ ಇನ್ನೊಂದು 12 ಸೇರಿಸಿ. ಪೆಟ್ಟಿಗೆಗಳ ಬ್ಯಾಚ್ ನಂಬರ್ ಒಂದೇ ಇರಲಿ, ಇಲ್ಲವಾದರೆ ಬಣ್ಣ ಹೆಚ್ಚುಕಮ್ಮಿ ಆಗಬಹುದು. ವಿನೈಲ್ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಹಾಗಾಗಿ ಪೆಟ್ಟಿಗೆಗಳನ್ನು 48 ಗಂಟೆ ಅದೇ ಕೋಣೆಯಲ್ಲಿ ಇಡಿ.

ಈಗ ನೆಲ. ಎಣ್ಣೆ ಜಿಡ್ಡು, ಮೇಣ, ಹಳೇ ಬಣ್ಣದ ಹಕ್ಕಳೆ ಎಲ್ಲ ತೆಗೆಯಿರಿ. ಬಿರುಕಿಗೂ ಹಳೇ ಟೈಲ್ಸ್ ನಡುವಿನ ಗೆರೆಗಳಿಗೂ ನೆಲಕ್ಕೆಂದೇ ಸಿಗುವ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ ಸಮ ಮಾಡಿ. ತೀರಾ ಹಳೆಯ ವಿನೈಲ್ ನೆಲವನ್ನು ಮಾತ್ರ ಉಜ್ಜಬೇಡಿ, ಅದರಲ್ಲಿ ಆಸ್‌ಬೆಸ್ಟಾಸ್ (ಪುಡಿ ಉಸಿರಲ್ಲಿ ಸೇರಿದರೆ ಶ್ವಾಸಕೋಶಕ್ಕೆ ಅಪಾಯ ಮಾಡುವ ಖನಿಜ ನಾರು) ಇರಬಹುದು.

ಕಾಂಕ್ರೀಟ್ ನೆಲವಾದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಗೆ ಬೆವರು ಕಂಡರೆ ಟೈಲ್ಸ್ ಹಾಕಬೇಡಿ, ಮೊದಲು ತೇವಕ್ಕೆ ದಾರಿ ನೋಡಿ. ಒಣಗಿದ್ದರೆ ಪ್ರೈಮರ್, ಅಂದರೆ ಅಂಟು ಚೆನ್ನಾಗಿ ಹಿಡಿಯಲೆಂದು ಮೊದಲು ಕೊಡುವ ಲೇಪ, ಬಳಿಯಿರಿ. ಸಿಮೆಂಟಿನ ಸಣ್ಣ ಪುಡಿ ಅಂಟನ್ನು ಹಿಡಿಯಲು ಬಿಡುವುದಿಲ್ಲ. ನಾನು ಮೊದಲ ಸಲ ಹಾಕಿದಾಗ ಒಂದೇ ಒಂದು ಮರಳಿನ ಕಾಳು ಅಡಿಯಲ್ಲಿ ಉಳಿದಿತ್ತು. ವಾರದೊಳಗೆ ಮೇಲೆ ಮೊಡವೆಯ ಹಾಗೆ ಎದ್ದು ಕಂಡಿತು, ಬರಿಗಾಲಿಗೆ ದಿನಾ ಸಿಗುತ್ತಿತ್ತು. ಗುಡಿಸಿ, ಒರೆಸಿ, ಕೊನೆಗೆ ಅಂಗೈ ಆಡಿಸಿ ನೋಡಿ.

ಎದುರುಬದುರು ಗೋಡೆಗಳ ನಡುಬಿಂದು ಸೇರಿಸಿ ಸುಣ್ಣದ ದಾರದಿಂದ ಎರಡು ಗೆರೆ ಹೊಡೆಯಿರಿ. ಕೂಡುವ ಜಾಗದಿಂದ ಒಂದು ಗೆರೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತಿಸಿ. ಆ ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿಯಾಗಿ 90 ಡಿಗ್ರಿ ಇದೆ. ಕಾಗದ ಸುಲಿಯದೆ ಒಂದು ಸಾಲು ಸುಮ್ನೆ ಜೋಡಿಸಿ. ಗೋಡೆಯ ಬಳಿ ಅರ್ಧ ಟೈಲ್‌ಗಿಂತ ಕಡಿಮೆ ಜಾಗ ಉಳಿದರೆ ಗೆರೆಯನ್ನು ಅರ್ಧ ಟೈಲ್ ಸರಿಸಿ.

ಅಂಟಿಸುವುದು ನಡುವಿನಿಂದ. ಹಿಂದೆ ಬಾಣದ ಗುರುತಿದ್ದರೆ ಪ್ಯಾಕೆಟ್ ಮೇಲೆ ಹೇಳಿದ ದಿಕ್ಕಿಗೇ ಹಿಡಿಯಿರಿ. ಅಂಚಿಗೆ ಅಂಚು ತಾಗಿಸಿ ಇಳಿಸಿ, ಜಾರಿಸಬೇಡಿ. ನಡುವಿನಿಂದ ಹೊರಕ್ಕೆ ರೋಲರ್‌ನಿಂದ ಒತ್ತಿ, ಲಟ್ಟಣಿಗೆಯೂ ಆದೀತು. ಸುಲಿದ ಕಾಗದ ಬಲು ಜಾರುತ್ತದೆ, ಆಗಿಂದಾಗಲೇ ಎತ್ತಿಡಿ.

ಗೋಡೆ ಅಂಚಿನ ತುಂಡಿಗೆ ಅಳತೆಪಟ್ಟಿ ಬೇಡ. ಕೊನೆಯ ಪೂರ್ತಿ ಟೈಲ್ ಮೇಲೆ ಹೊಸದೊಂದನ್ನು ಸರಿಯಾಗಿ ಕೂರಿಸಿ. ಅದರ ಮೇಲೆ ಮತ್ತೊಂದನ್ನು ಗೋಡೆಗೆ ತಾಗಿಸಿ ಇಟ್ಟು, ಆ ಮೇಲಿನದರ ಅಂಚಿಗುಂಟ ನಡುವಿನ ಟೈಲ್ ಮೇಲೆ ಗೆರೆ ಎಳೆಯಿರಿ. ನಡುವಿನ ಟೈಲನ್ನು ಕಾಗದ ಇರುವಾಗಲೇ ಕಟ್ಟರ್‌ನಿಂದ ಕೊರೆದು ಮುರಿಯಿರಿ. ಬಾಗಿಲ ಚೌಕಟ್ಟಿನ ಬಳಿ ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ನೋಡಿ.

ಐದು ದಿನ ನೀರು ಹಾಕಿ ಒರೆಸಬೇಡಿ. ಉಳಿದ ಟೈಲ್ಸ್ ಎಸೆಯಬೇಡಿ. ಮುಂದೆ ಒಂದು ಹಾಳಾದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಪುಟ್ಟಿ ಚಾಕುವಿನಿಂದ ಎಬ್ಬಿಸಿ, ಹಳೇ ಅಂಟು ಕೆರೆದು, ಅಲ್ಲಿಗೆ ಅದೇ ಬಣ್ಣದ್ದನ್ನು ಕೂರಿಸಬಹುದು.