ಐನೂರಕ್ಕೆ ಕೊಡ್ತೀರಾ ಸರ್? ಡೊಮೈನ್ ಮಾರಾಟದ ನನ್ನ ಅನುಭವ

2014ರ ನವೆಂಬರ್ 1ಕ್ಕೆ ನಮ್ಮ ರಾಜ್ಯದ 12 ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದ್ಲಾಯ್ತಲ್ಲ, ಬ್ಯಾಂಗಲೋರ್ ಹೋಗಿ ಬೆಂಗಳೂರು, ನಮ್ಮ ಶಿಮೊಗಾ ಹೋಗಿ ಶಿವಮೊಗ್ಗ, ಅವತ್ತು ರಾತ್ರಿ ಎಲ್ರೂ ರಾಜ್ಯೋತ್ಸವದ ಆರ್ಕೆಸ್ಟ್ರಾ ನೋಡೋಕೆ ಹೋಗಿದ್ರೆ ನಾನು ರೂಮಲ್ಲಿ ಕೂತು ಡೊಮೈನ್, ಅಂದ್ರೆ ವೆಬ್‌ಸೈಟ್‌ಗೆ ಇಡೋ ಹೆಸರು, ಹುಡುಕ್ತಿದ್ದೆ. ಹೊಸ ಸ್ಪೆಲಿಂಗ್ ಜೊತೆಗೆ ಹೋಮ್‌ಸ್ಟೇ, ಟ್ಯಾಕ್ಸಿ, ಸೈಟ್ಸ್ (ಮನೆ ಕಟ್ಟೋ ಸೈಟು), ಕಾಫಿ ಅಂತೆಲ್ಲ ಸೇರಿಸಿ ಒಂದು ವಾರದಲ್ಲಿ 23 ಹೆಸರು ರಿಜಿಸ್ಟರ್ ಮಾಡಿಸ್ದೆ, ಕೆಲವು ಡಾಟ್ ಕಾಮ್, ಜಾಸ್ತಿ ಡಾಟ್ ಇನ್. ಬೇಕಾದೋರಿಗೆ ಜಾಸ್ತಿ ರೇಟಿಗೆ ಮಾರಿದ್ರೆ ಆರು ತಿಂಗ್ಳಲ್ಲಿ ಸಾಲ ಎಲ್ಲ ತೀರತ್ತೆ ಅನ್ಕೊಂಡಿದ್ದೆ. ಮೊದಲನೇ ಆಫರ್ ಬಂದಿದ್ದು ಒಂದೂವರೆ ವರ್ಷ ಆದ್ಮೇಲೆ, ಅದೂ 500 ರೂಪಾಯಿಗೆ.

ಪಿತ್ತ ನೆತ್ತಿಗೇರ್ತು. ಇಷ್ಟುದ್ದ ಮೇಲ್ ಬರೆದೆ, ರಿನ್ಯೂವಲ್ಲಿಗೇ ವರ್ಷಕ್ಕೆ 800 ಕಟ್ತೀನಿ ಗೊತ್ತಾ, ಅಮೆರಿಕದಲ್ಲಿ ಒಳ್ಳೇ ಹೆಸರೆಲ್ಲ ಎಷ್ಟಕ್ಕೆ ಹೋಗತ್ತೆ ಗೊತ್ತಾ ಅಂತ ಅವ್ನಿಗೆ ಪಾಠ ಮಾಡ್ದೆ. ಅವ್ನು ಉತ್ತರಾನೇ ಕೊಡ್ಲಿಲ್ಲ. ಎರಡು ತಿಂಗ್ಳು ಬಿಟ್ಟು ನೋಡಿದ್ರೆ ಅದೇ ಹೆಸರಿನ ಮಧ್ಯೆ ಒಂದು ಹೈಫನ್ ಹಾಕಿ ತಗೊಂಡು ಆರಾಮಾಗಿ ಸೈಟ್ ನಡೆಸ್ತಿದಾನೆ.

ಆಮೇಲೆ ನಂಗೆ ನನ್ ಮೇಲೇ ನಾಚಿಕೆ ಆಯ್ತು, ಯಾಕಂದ್ರೆ ನಾನು ಅಂಗಡಿಯವನ ಮಗ. ಅಪ್ಪಂದು ಶಿವಮೊಗ್ಗದ ಗಾಂಧಿ ಬಜಾರಲ್ಲಿ ಪಾತ್ರೆ ಅಂಗಡಿ ಇತ್ತು, 1,200 ಹೇಳಿದ ಹಿತ್ತಾಳೆ ಕೊಡಪಾನನ 400ಕ್ಕೆ ಕೇಳೋರು ದಿನಾ ಬರೋರು, ಅದಕ್ಕೆ ಅಪ್ಪ ಸಿಟ್ಟು ಮಾಡ್ಕೊಂಡಿದ್ದು ನಾನು ನೋಡೇ ಇಲ್ಲ. "ಗಿಟ್ಟಲ್ಲ ತಾಯಿ" ಅಂತ ಒಂದೇ ಮಾತು, ಆಮೇಲೆ ಬಟ್ಟೆ ತಗೊಂಡು ಅದೇ ಕೊಡಪಾನ ಒರೆಸ್ತಾ ಕೂತ್ಕೊಳ್ಳೋರು. ಎದ್ದು ಹೋದೋರನ್ನ ಕೂಗಿ ಕರೀತಾ ಇರ್ಲಿಲ್ಲ. ಕರೆದ್ರೆ ರೇಟು ಅಲ್ಲೇ ಬಿತ್ತು ಅನ್ನೋರು. ಈಗ ನಾನು ಇಮೇಲಲ್ಲಿ ಮಾಡೋದೂ ಹೆಚ್ಚುಕಮ್ಮಿ ಅದೇ.

ಕಮ್ಮಿ ಆಫರ್ ಬಂದ್ರೆ ಮೊದ್ಲು ರೇಟ್ ನೋಡಲ್ಲ, ಯಾರು ಕಳ್ಸಿದಾರೆ ಅಂತ ನೋಡ್ತೀನಿ. 2018ರಿಂದ ಈಚೆಗೆ ಡಾಟ್ ಕಾಮ್‌ಗಳ ಹೂಈಸ್‌ನಲ್ಲಿ, ಅಂದ್ರೆ ಯಾವ ಡೊಮೈನ್ ಯಾರದ್ದು ಅಂತ ತೋರ್ಸೋ ದಾಖಲೇಲಿ, ಮಾಲೀಕರ ಹೆಸರು ನಂಬರ್ ಎಲ್ಲ ಹೆಚ್ಚಾಗಿ ಮುಚ್ಚಿಡ್ತಾರೆ, ಹಾಗಾಗಿ ನಂಗೆ ಬರೋ ಆಫರೆಲ್ಲ 'ಈ ಹೆಸರು ಮಾರಾಟಕ್ಕಿದೆ' ಅನ್ನೋ ಪೇಜಿನ ಫಾರ್ಮಿಂದಾನೇ. ಅಲ್ಲಿ ಫೋನ್ ನಂಬರ್ ಕಡ್ಡಾಯ ಮಾಡಿದೀನಿ, ಕನಿಷ್ಠ ಆಫರ್ 5,000 ಅಂತ ಹಾಕಿದೀನಿ. ಅಷ್ಟಕ್ಕೇ ಟೈಂಪಾಸ್ ಗಿರಾಕಿಗಳು ಮುಕ್ಕಾಲು ಭಾಗ ಕಮ್ಮಿ ಆದ್ರು. ಇನ್ನೊಂದು ಥರದವ್ರು ಇದಾರೆ, ಅವ್ರು ಕಮ್ಮಿಗೆ ಕೇಳಲ್ಲ, ಎಗರಿ ಬಿದ್ದು ಜಾಸ್ತಿ ಹೇಳ್ತಾರೆ, ಲಕ್ಷ ಕೊಡ್ತೀವಿ ಆದ್ರೆ ಇಂಥ ಸೈಟಿಂದ ವ್ಯಾಲ್ಯುವೇಷನ್ ಸರ್ಟಿಫಿಕೇಟ್ ತಗೊಂಡ್ಬನ್ನಿ ಅಂತಾರೆ, ಸರ್ಟಿಫಿಕೇಟ್‌ಗೆ ನಾವು ದುಡ್ಡು ಕಟ್ಟಿದ್ ತಕ್ಷಣ ಆಸಾಮಿ ನಾಪತ್ತೆ. ಅದ್ರ ಮುಂದೆ 500 ಕೇಳಿದವ್ನೇ ದೇವ್ರಂಥೋನು.

ನನ್ನ ಒಳ್ಳೇ ವ್ಯಾಪಾರ ಅಂದ್ರೆ ಒಂದು ಹೋಮ್‌ಸ್ಟೇ ಹೆಸರು. "ಸರ್ ನಾನು ಸ್ಟೂಡೆಂಟು, ಕಾಲೇಜ್ ಪ್ರಾಜೆಕ್ಟ್‌ಗೆ ಬೇಕಿತ್ತು, 5,000 ಕೊಡ್ತೀನಿ" ಅಂತ ಬಂತು. ಕೊಟ್ಟಿದ್ದ ನಂಬರನ್ನ ಗೂಗಲ್ಲಲ್ಲಿ ಹಾಕಿದ್ರೆ ಚಿಕ್ಕಮಗಳೂರು ಕಡೆ ಎಸ್ಟೇಟ್ ಒಳಗಿನ ಒಂದು ಹೋಮ್‌ಸ್ಟೇ, ಮ್ಯಾಪಲ್ಲಿ ಇನ್ನೂರು ಚಿಲ್ರೆ ರಿವ್ಯೂ, ಸ್ವಿಮ್ಮಿಂಗ್ ಪೂಲ್ ಬೇರೆ. ನಾನು ಅದನ್ನ ಅವ್ರ ಮುಖಕ್ಕೆ ಹೇಳ್ಲಿಲ್ಲ, ಹೇಳಿದ್ರೆ ಅವ್ರಿಗೆ ಅವಮಾನ, ವ್ಯಾಪಾರ ಅಲ್ಲಿಗೇ ಮುಗೀತು. ಇಷ್ಟೇ ಬರೆದೆ: "ನಮಸ್ಕಾರ, ವಿಚಾರಿಸಿದ್ದಕ್ಕೆ ಥ್ಯಾಂಕ್ಸ್. ಹೆಸರು ಮಾರಾಟಕ್ಕಿದೆ. ಬೆಲೆ 65,000. ಈ ತಿಂಗಳ ಕೊನೇ ತನಕ ಇದೇ ರೇಟು." ಯಾಕೆ 65 ಅಂತ ವಿವರಣೆ ಕೊಡ್ಲಿಲ್ಲ, ವಿವರಣೆ ಕೊಟ್ಟಷ್ಟೂ ಎದುರಿನವ್ರಿಗೆ ಜಗ್ಗೋಕೆ ಒಂದೊಂದು ಎಳೆ ಸಿಕ್ಕಂಗೆ.

8,000 ಅಂದ್ರು. ಧನ್ಯವಾದ, ಆಗಲ್ಲ ಅಂದೆ. 12,000 ಅಂದ್ರು, ಅದಕ್ಕೂ ಅದೇ. ಆಮೇಲೆ ಮೂರು ವಾರ ಸುದ್ದಿ ಇಲ್ಲ, ಆ ಮೂರು ವಾರ ನಾನು ದಿನಾ ರಾತ್ರಿ ಮೇಲ್ ತೆಗೆದು ನೋಡಿದೀನಿ, ಎರಡ್ಸಲ 'ಆಯ್ತು 20ಕ್ಕೆ ತಗೊಳ್ಳಿ' ಅಂತ ಟೈಪ್ ಮಾಡಿ ಅಳಿಸಿದೀನಿ, ಸುಳ್ಳು ಯಾಕೆ ಹೇಳ್ಲಿ. ತಿಂಗ್ಳ ಕೊನೇಗೆ ಫೋನೇ ಬಂತು, "ಅಣ್ಣಾ ನೋಡಿ ನಿಮ್ದೂ ಬೇಡ ನಮ್ದೂ ಬೇಡ" ಅಂತ. ಸ್ಟೂಡೆಂಟ್ ಅನ್ನೋ ಕಥೆ ಅಲ್ಲಿಗೆ ಮುಗೀತು. ನನ್ ಮನಸ್ಸಲ್ಲಿ 35,000ಕ್ಕಿಂತ ಕೆಳಗೆ ಬೇಡ ಅಂತ ಮೊದ್ಲೇ ಒಂದು ಚೀಟೀಲಿ ಬರೆದು ಇಟ್ಟಿದ್ದೆ, 38,000ಕ್ಕೆ ಮುಗಿಸಿದ್ವಿ. 10,000 ಅಡ್ವಾನ್ಸು, ಇಬ್ರದ್ದೂ ಒಂದೇ ರಿಜಿಸ್ಟ್ರಾರ್ (ಡೊಮೈನ್ ರಿಜಿಸ್ಟರ್ ಮಾಡ್ಕೊಡೋ ಕಂಪನಿ) ಆಗಿದ್ರಿಂದ ಹೆಸರನ್ನ ನನ್ನ ಅಕೌಂಟಿಂದ ಅವ್ರ ಅಕೌಂಟಿಗೆ ಪುಷ್ ಮಾಡ್ದೆ, ಅದೂ ಬಾಕಿ ದುಡ್ಡು ಬಂದ್ಮೇಲೇ. ಜಾಸ್ತಿ ದುಡ್ಡಿನ ವ್ಯವಹಾರ ಆದ್ರೆ ಎಸ್ಕ್ರೋ (ಹೆಸರು ಕೈ ಬದ್ಲಾಗೋ ತನಕ ದುಡ್ಡು ಹಿಡಿದಿಟ್ಕೊಳ್ಳೋ ಮಧ್ಯವರ್ತಿ) ಇಲ್ದೆ ಮಾಡ್ಬೇಡಿ, ದುಡ್ಡು ಬರದೆ ಆಥ್ ಕೋಡ್, ಅಂದ್ರೆ ಹೆಸರನ್ನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸೋ ಗುಟ್ಟಿನ ಕೋಡ್, ಕೈಬಿಟ್ರೆ ಹೆಸರು ಹೋಯ್ತು ಅಂತಾನೇ.

ಒಂದು ವಿಷ್ಯ, ಇದೆಲ್ಲ ನಡೆಯೋದು ಊರು, ವಸ್ತು ಅಂಥ ಸಾಮಾನ್ಯ ಹೆಸರಿಗೆ ಮಾತ್ರ. ಯಾರದ್ದೋ ಬ್ರ್ಯಾಂಡ್ ಹೆಸರು ಇಟ್ಕೊಂಡು ಆ ಕಂಪನಿಗೇ ದೊಡ್ಡ ರೇಟ್ ಹೇಳಿದ್ರೆ, ಆ ಇಮೇಲೇ ನಾಳೆ ನಿಮ್ ವಿರುದ್ಧ ಸಾಕ್ಷಿ ಆಗ್ಬೋದು, ಇಂಥ ಜಗಳ ತೀರ್ಮಾನ ಮಾಡೋಕೆ ಡಾಟ್ ಕಾಮ್‌ಗೆ ಯುಡಿಆರ್‌ಪಿ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಅಂತ ನಿಯಮ ಇದೆ. 2024ರಲ್ಲಿ ದಿಲ್ಲಿಯ ಒಬ್ಬ ಹುಡುಗ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ಇಟ್ಕೊಂಡು ಕೇಂಬ್ರಿಡ್ಜ್ ಫೀಸ್ ಕಟ್ಟಿಕೊಡಿ ಅಂತ ಕೇಳಿದ್ದು ಎಲ್ಲಾ ಕಡೆ ಓಡಾಡ್ತಲ್ಲ, ಕಂಪನಿಯವ್ರು ಒಪ್ಲಿಲ್ಲ. ನಾನು ಆ ಕಡೆ ತಲೆ ಹಾಕಲ್ಲ.

ಇನ್ನು ಎಲ್ಲಾ ಕಮ್ಮಿ ಆಫರೂ ಕಮ್ಮಿ ಅಲ್ಲ, ಇದು ನಂಗೆ ತಡವಾಗಿ ಗೊತ್ತಾಗಿದ್ದು. ಸೈಟ್ಸ್ ಅಂತಿದ್ದ ಒಂದು ಹೆಸರನ್ನ ಹೋದ್ವರ್ಷ 5,000ಕ್ಕೇ ಕೊಟ್ಬಿಟ್ಟೆ, ಹತ್ತು ವರ್ಷದಲ್ಲಿ ಅದನ್ನ ಕೇಳ್ಕೊಂಡು ಬಂದಿದ್ದೇ ಅವ್ರೊಬ್ರು, ರಿನ್ಯೂವಲ್ಲಿಗೆ 11 ದಿನ ಇತ್ತು. ಕಟ್ಟಿದ್ದ ದುಡ್ಡೂ ಪೂರ್ತಿ ವಾಪಸ್ ಬರ್ಲಿಲ್ಲ ನಿಜ, ಆದ್ರೆ ನಾನು ಎಷ್ಟು ಕಟ್ಟಿದೀನಿ ಅನ್ನೋದು ತಗೊಳ್ಳೋನಿಗೆ ಯಾಕೆ ಬೇಕು.

ಈ ಬುದ್ಧಿ ಟ್ಯಾಕ್ಸಿ ಹೆಸರಿನ ಹೊತ್ತಲ್ಲಿ ಇರ್ಲಿಲ್ಲ. ಶಿವಮೊಗ್ಗದ್ದೇ ಹೆಸರು, ಡಾಟ್ ಕಾಮ್, 2017ರಲ್ಲಿ ನಮ್ಮೂರಿನೋರೇ ಒಬ್ರು ಎರಡು ಇಂಡಿಕಾ ಇಟ್ಕೊಂಡಿದ್ದೋರು 6,000ಕ್ಕೆ ಕೇಳಿದ್ರು, ನಾನು 40,000 ಅಂತ ಕೂತೆ, ಅವ್ರು ಹೋದ್ರು, ಇನ್ಯಾರೂ ಬರ್ಲಿಲ್ಲ. ಐದು ವರ್ಷ ರಿನ್ಯೂ ಮಾಡಿ ಮಾಡಿ ಸಾಕಾಗಿ 2022ರಲ್ಲಿ ಬಿಟ್ಬಿಟ್ಟೆ. ಎಕ್ಸ್‌ಪೈರ್ ಆಗಿ ಗ್ರೇಸ್ ಟೈಮ್ ಮುಗಿದು, 30 ದಿನ ರಿಡೆಂಪ್ಷನ್ನು (ಹಳೇ ಮಾಲೀಕ ಜಾಸ್ತಿ ದುಡ್ಡು ಕಟ್ಟಿ ಬಿಡಿಸ್ಕೊಳ್ಳೋ ಅವಕಾಶ), ಅದಾದ್ಮೇಲೆ 5 ದಿನ ಪೆಂಡಿಂಗ್ ಡಿಲೀಟು, ಆಮೇಲೇ ಹೆಸರು ಬೇರೆಯವ್ರಿಗೆ ಸಿಗೋದು, ಅಷ್ಟೂ ದಿನ ಯಾರೋ ಕಾದಿದಾರೆ. ಮುಂದಿನ ವರ್ಷ ಫೆಬ್ರವರಿಲಿ ಸೋಗಾನೆಯಲ್ಲಿ ಏರ್‌ಪೋರ್ಟ್ ಉದ್ಘಾಟನೆ ಆಯ್ತು. ಒಂದಿನ ಭಾವನ್ನ ಕರ್ಕೊಂಡು ಬರೋಕೆ ಅಲ್ಲಿಗೆ ಹೋಗಿದ್ದೆ, ಪಾರ್ಕಿಂಗಲ್ಲಿ ಸಾಲಾಗಿ ನಾಲ್ಕು ಎರ್ಟಿಗಾ, ನಾಲ್ಕರ ಹಿಂದೂ ಹಳದಿ ಸ್ಟಿಕರು, ಅದ್ರಲ್ಲಿ ನಾನು ಎಂಟು ವರ್ಷ ಸಾಕಿದ ಹೆಸರು. ಪಕ್ಕದಲ್ಲಿ ಟೀ ಕುಡೀತಾ ನಿಂತಿದ್ರು ಇಂಡಿಕಾ ಮಾಲೀಕ್ರು, ನನ್ನ ನೋಡಿ ಗುರುತು ಹಿಡಿದು, "ಬನ್ನಿ ಸರ್, ಟೀ ಕುಡೀರಿ" ಅಂದ್ರು.