ಮಾಹಿತಿ ಹಕ್ಕಿನ ಅರ್ಜಿ: ಕಾರಣ ಕೇಳಬೇಡಿ, ಕಡತ ಕೇಳಿ

‘ನಮ್ಮ ರಸ್ತೆ ಕಾಮಗಾರಿ ಅರ್ಧಕ್ಕೆ ನಿಂತಿದ್ದೇಕೆ?’ ಎಂದು ಅರ್ಜಿಯಲ್ಲಿ ಬರೆದರೆ, ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಸಿಗುವ ಸಾಧ್ಯತೆಯೇ ಹೆಚ್ಚು. ಮಾಹಿತಿ ಹಕ್ಕು ಅಧಿನಿಯಮ, 2005 ಕೊಡಿಸುವುದು ಕಚೇರಿಯಲ್ಲಿ ದಾಖಲೆಯಾಗಿ ಇರುವುದನ್ನು ಮಾತ್ರ. ಹೊಸದಾಗಿ ಕಾರಣ ಹುಡುಕಿ ವಿವರಿಸುವ ಹೊಣೆ ಅಧಿಕಾರಿಗಿಲ್ಲ. ಆದ್ದರಿಂದ ಅದೇ ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್ಲುಗಳು, ಕಡತದ ಟಿಪ್ಪಣಿ ಹಾಳೆಗಳು, ಇವುಗಳ ದೃಢೀಕೃತ ನಕಲು ಕೇಳಿ. ಕೆಲಸ ಯಾರ ಮೇಜಿನ ಮೇಲೆ ನಿಂತಿತು ಎಂಬುದು ಬಹುತೇಕ ಟಿಪ್ಪಣಿ ಹಾಳೆಯಲ್ಲೇ ಗೊತ್ತಾಗುತ್ತದೆ. ಕಾಮಗಾರಿಯ ಹೆಸರು, ಸ್ಥಳ, ಆರ್ಥಿಕ ವರ್ಷ ಬರೆಯಲೇಬೇಕು. ‘ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಎಂದರೆ ಅರ್ಜಿ ಅಲ್ಲೇ ಕುಸಿಯುತ್ತದೆ.

ಅರ್ಜಿ ಹೋಗಬೇಕಾದದ್ದು ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಹೆಸರು ಬೇಡ, ಹುದ್ದೆ ಮತ್ತು ವಿಳಾಸ ಸಾಕು. ತಪ್ಪು ಇಲಾಖೆಗೆ ಹೋದರೂ ಕಲಂ 6(3)ರಂತೆ ಅವರೇ 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. ಹಕ್ಕು ಇರುವುದು ನಾಗರಿಕರಿಗೆ. ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆದು ತಿರಸ್ಕಾರಕ್ಕೆ ನೆಪ ಕೊಡುವುದಕ್ಕಿಂತ ಸ್ವಂತ ಹೆಸರಿನಲ್ಲಿ ಸಲ್ಲಿಸುವುದೇ ಜಾಣತನ. ಮಾಹಿತಿ ಏಕೆ ಬೇಕೆಂದು ಹೇಳಬೇಕಿಲ್ಲ, ಅಧಿಕಾರಿ ಕೇಳುವಂತೆಯೂ ಇಲ್ಲ.

ಕರ್ನಾಟಕ ಸರ್ಕಾರದ ಕಚೇರಿಗಳಿಗೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ಕೇಂದ್ರದ ಕಚೇರಿಗಳಿಗಾದರೆ 500 ಪದ. ಎರಡು ವಿಷಯಗಳಿದ್ದರೆ ಎರಡು ಅರ್ಜಿ ಹಾಕಿ, ಜಗಳ ಬೇಡ. ಶುಲ್ಕ ₹10. ಅದನ್ನು ಅಂಚೆ ಕಚೇರಿಯಲ್ಲಿ ಸಿಗುವ ಪೋಸ್ಟಲ್ ಆರ್ಡರ್ ಮೂಲಕ ಕಟ್ಟುವುದಾದರೆ ಅದು ಯಾರ ಹೆಸರಿಗೆ ಇರಬೇಕೆಂದು ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅದರ ಕ್ರಮಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ, ಆದರೆ ಪುರಾವೆಯ ಪ್ರತಿ ಲಗತ್ತಿಸಬೇಕು. ಖುದ್ದಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಅಂಚೆಯಲ್ಲಾದರೆ ರಸೀದಿ ಜೋಪಾನ. ಮುಂದಿನ ಲೆಕ್ಕವೆಲ್ಲ ಈ ದಿನಾಂಕದ ಮೇಲೆಯೇ ನಿಂತಿದೆ.

ಉತ್ತರಕ್ಕೆ 30 ದಿನ ಗಡುವು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ನಕಲಿಗೆ ಎ4 ಪುಟಕ್ಕೆ ₹2ರಂತೆ ಹಣ ಕಟ್ಟಲು ಪತ್ರ ಬರಬಹುದು. ಆ ಪತ್ರ ಕಳಿಸಿದ ದಿನದಿಂದ ನೀವು ಹಣ ಕಟ್ಟುವವರೆಗಿನ ದಿನಗಳು ಗಡುವಿಗೆ ಸೇರುವುದಿಲ್ಲ. ಪತ್ರವನ್ನು ಕಪಾಟಿನಲ್ಲಿಟ್ಟು ‘ಇನ್ನೂ ಮಾಹಿತಿ ಬಂದಿಲ್ಲ’ ಎಂದು ಕಾಯುವವರಿಗೇನೂ ಕೊರತೆಯಿಲ್ಲ! ಆದರೆ ಗಡುವು ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಪುಟಗಳು ಸಾವಿರ ದಾಟುವಂತಿದ್ದರೆ ನಕಲು ಕೇಳುವ ಮೊದಲು ಕಡತ ಪರಿಶೀಲನೆಗೆ ಅವಕಾಶ ಕೋರಿ. ಬೇಕಾದ ಹಾಳೆಗಳನ್ನಷ್ಟೇ ಗುರುತು ಮಾಡಿಕೊಳ್ಳಬಹುದು.

30 ದಿನ ಕಳೆದೂ ಮೌನವಾಗಿದ್ದರೆ ಅದನ್ನು ನಿರಾಕರಣೆ ಎಂದೇ ಕಾನೂನು ಪರಿಗಣಿಸುತ್ತದೆ. ಆಗ ಹೊಸ ಅರ್ಜಿ ಹಾಕಬೇಡಿ. ಗಡುವು ಮುಗಿದ, ಇಲ್ಲವೇ ಅಸಮರ್ಪಕ ಉತ್ತರ ಕೈಸೇರಿದ ದಿನದಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಕಲಂ 19(1)ರಡಿ ಮೊದಲ ಮೇಲ್ಮನವಿ ಸಲ್ಲಿಸಿ. ಅರ್ಜಿ, ಸ್ವೀಕೃತಿ, ಉತ್ತರ ಬಂದಿದ್ದರೆ ಅದು, ಇವುಗಳ ಪ್ರತಿ ಜೊತೆಗಿರಲಿ. ತೀರ್ಮಾನಕ್ಕೆ 30 ದಿನ, ಕಾರಣ ದಾಖಲಿಸಿದರೆ ಹೆಚ್ಚೆಂದರೆ 45 ದಿನ.

ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ ₹250ರಂತೆ ಗರಿಷ್ಠ ₹25,000 ದಂಡ ವಿಧಿಸಬಹುದು. ಮೇಲ್ಮನವಿಯ ಕೋರಿಕೆಯಲ್ಲಿ ಮಾಹಿತಿಯ ಜೊತೆಗೆ ಕಲಂ 20ರ ದಂಡವನ್ನೂ ಪ್ರತ್ಯೇಕ ಸಾಲಿನಲ್ಲಿ ಕೇಳಿ.