ಮರದಚ್ಚಿನಲ್ಲಿ ಮಂಜು: ಚೀನೀ ನಿಸರ್ಗಚಿತ್ರದ ಮುದ್ರಣ, ನನ್ನ ಅನುಭವ

ಚೀನಾದ ಸಾಂಪ್ರದಾಯಿಕ ನಿಸರ್ಗಚಿತ್ರವನ್ನು ಮರದಚ್ಚಿನಲ್ಲಿ ಮೂಡಿಸಬೇಕೆಂದು ಹೊರಟಾಗ ನಾನು ಮಾದರಿಯಾಗಿ ಇಟ್ಟುಕೊಂಡದ್ದು, 1679ರಲ್ಲಿ ನಾನ್‌ಜಿಂಗ್‌ನಲ್ಲಿ ಪ್ರಕಟವಾದ 'ಸಾಸಿವೆಕಾಳಿನ ತೋಟದ ಚಿತ್ರಕಲಾ ಕೈಪಿಡಿ'ಯ ಮೊದಲ ಭಾಗವನ್ನು. ವಾಂಗ್ ಗಾಯ್ ಸಿದ್ಧಪಡಿಸಿದ ಆ ಭಾಗವು ಬೆಟ್ಟ, ಬಂಡೆ, ಮರ, ನೀರುಗಳನ್ನು ಹಿಂದಿನ ಕಲಾವಿದರು ಯಾವ ಯಾವ ಬಗೆಯ ಕುಂಚದ ಬೀಸುಗಳಿಂದ ಕಟ್ಟಿದರೆಂಬುದನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಕೆತ್ತುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಚೀನಾದಲ್ಲಿ ಅಚ್ಚಿಗೆ ಹೆಚ್ಚಾಗಿ ಪೇರ್ ಮರವನ್ನು ಬಳಸುತ್ತಾರೆ. ನಾನು ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರದ ಹಲಗೆಯನ್ನು ಆರಿಸಿಕೊಂಡೆ. ಅದರ ಎಳೆ ನಯವಾಗಿದ್ದು, ಸಣ್ಣ ಗೆರೆಯೂ ನಿಲ್ಲುತ್ತದೆ. ತೆಳುವಾದ ಕಾಗದದ ಮೇಲೆ ಬರೆದ ಚಿತ್ರವನ್ನು ಮುಖ ಕೆಳಗಾಗಿ ಹಲಗೆಗೆ ಅಂಟಿಸಿ, ಒಣಗಿದ ಮೇಲೆ ಕಾಗದದ ಮೇಲುಪದರವನ್ನು ಬೆರಳಿನಿಂದ ಉಜ್ಜಿ ತೆಗೆದರೆ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಹಳೆಯ ಚೀನೀ ಕಲಾವಿದ ಲಿ ಟಾಂಗ್‌ನ ಹೆಸರಿನೊಂದಿಗೆ ಬರುವ ಕೊಡಲಿ ಕಚ್ಚಿನ ಬೀಸು ನೋಟಕ್ಕೆ ಒರಟಾದರೂ ಉಳಿಗೆ ಸುಲಭವಾಗಿ ಒಲಿಯುತ್ತದೆ. ಆದರೆ ಇನ್ನೊಬ್ಬ ಹಳೆಯ ಕಲಾವಿದ ಡಾಂಗ್ ಯುವಾನ್‌ ದಕ್ಷಿಣ ಚೀನಾದ ಮೆತ್ತನೆಯ ಗುಡ್ಡಗಳಿಗೆ ಬಳಸಿದ, ಸೆಣಬಿನ ಎಳೆಯಂತೆ ಉದ್ದಕ್ಕೆ ಅಲೆಯುವ ಬೀಸನ್ನು ಕೆತ್ತುವಾಗ, ಗೆರೆಯನ್ನು ಹಾಗೆಯೇ ಉಳಿಸಿ ಅದರ ಎರಡೂ ಬದಿಯ ಮರವನ್ನು ತೆಗೆಯಬೇಕಾದ್ದರಿಂದ, ಕುಂಚ ಎಲ್ಲಿ ಒತ್ತಿತು, ಎಲ್ಲಿ ಹಗುರಾಯಿತು ಎಂಬುದನ್ನು ಉಳಿ ಪ್ರತಿ ಕ್ಷಣವೂ ನೆನಪಿಡಬೇಕಾಗುತ್ತದೆ.

ಇಷ್ಟಾದರೂ ಚಿತ್ರದ ಜೀವ ಗೆರೆಯಲ್ಲಿಲ್ಲ, ಬೆಟ್ಟಗಳ ನಡುವಿನ ಮಂಜಿನಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಮಂಜನ್ನು ಕೆತ್ತಲು ಸಾಧ್ಯವಿಲ್ಲ, ಮುದ್ರಿಸುವಾಗಲೇ ಮೂಡಿಸಬೇಕು. ನಾನ್‌ಜಿಂಗ್‌ನ ಹು ಝೆಂಗ್‌ಯಾನ್ 1633ರಲ್ಲಿ ಹೊರತಂದ 'ಹತ್ತು ಬಿದಿರಿನ ಮನೆಯ ಚಿತ್ರಸಂಪುಟ'ದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಣ್ಣ ಹಲಗೆಯನ್ನು ಜೋಡಿಸಿ ಮುದ್ರಿಸುವ ವಿಧಾನವು ಬಹು ಎತ್ತರವನ್ನು ಮುಟ್ಟಿತ್ತು. ಬೀಜಿಂಗ್‌ನ ರೊಂಗ್‌ಬಾವ್‌ಝಾಯ್ ಸಂಸ್ಥೆಯಲ್ಲಿ ಆ ಪರಂಪರೆ ಇಂದಿಗೂ ನಡೆಯುತ್ತಿದೆ. ನಾನೂ ಅದೇ ಕ್ರಮದಲ್ಲಿ ನಡುವೆ ಸೀಳಿರುವ ಮೇಜನ್ನು ಮಾಡಿಸಿಕೊಂಡೆ: ಒಂದು ಬದಿಯಲ್ಲಿ ಕಾಗದದ ಕಟ್ಟನ್ನು ಬಿಗಿಯಾಗಿ ಹಿಡಿಸಿ, ಇನ್ನೊಂದು ಬದಿಯಲ್ಲಿ ಹಲಗೆಯನ್ನು ಅಂಟಿನಿಂದ ನಿಲ್ಲಿಸಿದರೆ, ಹಾಳೆಗಳನ್ನು ಒಂದೊಂದಾಗಿ ಮಗುಚಿ ಮುದ್ರಿಸಿ ಸೀಳಿನೊಳಗೆ ಇಳಿಬಿಡಬಹುದು, ಯಾವ ಹಾಳೆಯೂ ತನ್ನ ಸ್ಥಾನದಿಂದ ಕದಲುವುದಿಲ್ಲ.

ಮಂಜಿಗೆ ಬೇಕಾದ ಹಲಗೆಯ ಅಂಚನ್ನು ನೇರವಾಗಿ ಕತ್ತರಿಸದೆ ಇಳಿಜಾರಾಗಿ ಹೆರೆಯುತ್ತೇನೆ. ಮೊದಲು ಹಲಗೆಗೆ ಬರಿಯ ನೀರನ್ನು ಸವರಿ, ಬೆಟ್ಟದ ನೆತ್ತಿಯ ಕಡೆಗೆ ಮಾತ್ರ ಮಸಿ ಹಚ್ಚಿ, ಅದನ್ನು ಒಣ ಕುಂಚದಿಂದ ಕೆಳಕ್ಕೆ ಎಳೆದು ತೆಳುವಾಗಿಸುತ್ತೇನೆ. ಅನ್‌ಹುಯ್ ಪ್ರಾಂತ್ಯದ ಶ್ವಾನ್ ಕಾಗದವು ನೀರನ್ನು ಕೂಡಲೇ ಹೀರುವುದರಿಂದ ಅದನ್ನು ಮೊದಲೇ ಹದವಾಗಿ ತೇವಗೊಳಿಸಿರಬೇಕು. ತೇವ ಹೆಚ್ಚಾದರೆ ಬೆಟ್ಟವೇ ಹರಡಿಹೋಗುತ್ತದೆ, ಕಡಿಮೆಯಾದರೆ ಮಂಜಿನ ಜಾಗದಲ್ಲಿ ಗಟ್ಟಿ ಅಂಚು ಮೂಡುತ್ತದೆ. ಆದ್ದರಿಂದ ಒಣಗಾಳಿಯ ಬೇಸಿಗೆಗಿಂತ ಮಳೆಗಾಲವೇ ಈ ಕೆಲಸಕ್ಕೆ ನನಗೆ ಹೆಚ್ಚು ಅನುಕೂಲ. ಕಾಗದದ ಬೆನ್ನನ್ನು ಉಜ್ಜುವ ನಾರಿನ ಉಪಕರಣದ ಒತ್ತಡವೂ ಮಂಜಿನತ್ತ ಸಾಗಿದಂತೆ ಹಗುರಾಗುತ್ತಾ ಹೋಗಬೇಕು. ದೂರದ ಬೆಟ್ಟಗಳ ತೆಳು ಛಾಯೆಯಿಂದ ಆರಂಭಿಸಿ ಹತ್ತಿರದ ಬಂಡೆಗಳಿಗೆ ಬರುತ್ತೇನೆ. ಬಂಡೆಗಳ ಮೇಲಿನ ಪಾಚಿಯ ಕಡುಕಪ್ಪು ಚುಕ್ಕೆಗಳನ್ನು ಮಾತ್ರ ಕಾಗದದ ತೇವ ಸಾಕಷ್ಟು ಆರಿದ ಮೇಲೆ, ಎಲ್ಲಕ್ಕೂ ಕೊನೆಯಲ್ಲಿ ಒತ್ತುತ್ತೇನೆ.